ಚರಣನನ್ನು ಕರೆತರಲು ಆಕ್ಲೆಂಡಿಗೆ

ಕೋಟ

ನ್ಯೂಜಿಲೆಂಡಿಗೆ ಹೋಗಿ ಬಂದವಳು ಎಂದು ಗೊತ್ತಾದ ಮೇಲೆ ಕೋಟದ ಬಸ್‌ಸ್ಟಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲರೂ ನನ್ನ ಹತ್ತಿರ ಕೇಳುವುದು ಹಸಿರು ಗುಡ್ಡ ಮತ್ತು ಕುರಿಗಳ ಸಂಗತಿ. ಕುರಿಗಳನ್ನು ಕಂಡದ್ದು ಹೌದು. ಆದರೆ ಅವು ಸಿಕ್ಕಿದ್ದು ಒಂದೇ ದಾರಿಯಲ್ಲಿ, ತಪ್ಪು ಮಾಡಿದ ಮಕ್ಕಳನ್ನು ಕೂಡಿಹಾಕುವ ಕಟ್ಟಡಕ್ಕೆ ಹೋಗುವ ದಾರಿಯಲ್ಲಿ. ಬಾಡಿಗೆ ಕಾರಿನ ಕಿಟಕಿಯಿಂದ ಗುಡ್ಡದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿ ನನ್ನ ತಂಗಿ ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಚಂದ ಉಂಟು ಎಂದು ಹೇಳುವ ಹೊತ್ತು ಅದಾಗಿರಲಿಲ್ಲ. ಹಾಗಾಗಿ ನೋಡತಕ್ಕ ಜಾಗಗಳನ್ನು ಹುಡುಕುವವರಿಗೆ ಈ ಬರಹದಿಂದ ಉಪಯೋಗವಿಲ್ಲ. ಬರೆ ಎಂದವಳು ತಂಗಿಯೇ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ತಂಗಿ ಶಾರದೆ ಮತ್ತು ಅವಳ ಗಂಡ ರಘುರಾಮ ಆಕ್ಲೆಂಡಿನಲ್ಲಿ ದೋಸೆ ಹೋಟೆಲು ನಡೆಸುತ್ತಾರೆ. ಅಲ್ಲಿ ಅವರು ಕಾಲೂರುವವರೆಗೆ ಅವರ ಒಬ್ಬನೇ ಮಗ ಚರಣ ಬೆಳೆದದ್ದು ನನ್ನ ಹತ್ತಿರ. ಎಂಟು ವರ್ಷ ತುಂಬಿದ ಮೇಲೆ ಕರೆಸಿಕೊಂಡರು. ನನಗೆ ಮಕ್ಕಳಿಲ್ಲ. ಅವನು ಹೊರಟುಹೋದ ಆ ವರ್ಷ ಮನೆಯಲ್ಲಿ ಅನ್ನ ಎಷ್ಟು ಇಡಬೇಕೆಂದು ಅಂದಾಜು ಸಿಗದೆ ದಿನಾ ಹೆಚ್ಚಾಗುತ್ತಿತ್ತು.

ಈಗ ಅವನಿಗೆ ಹದಿನಾರು. ಅವನು ಮತ್ತು ಅವನಿಗಿಂತ ದೊಡ್ಡ ಇಬ್ಬರು ಹುಡುಗರು ಒಂದು ಬೆಳಗಿನ ಜಾವ ಕದ್ದ ಕಾರನ್ನು ಒಂದು ಮೂಲೆ ಅಂಗಡಿಯ ಬಾಗಿಲಿಗೆ ನುಗ್ಗಿಸಿದರು. ಸಿಗರೇಟು ದೋಚುವುದಕ್ಕೆ. ಅಂಗಡಿಯ ಹಿಂದೆಯೇ ಅಂಗಡಿಯವರ ಮನೆ. ಸದ್ದು ಕೇಳಿ ಓಡಿಬಂದ ಅಂಗಡಿಯ ಹೆಂಗಸಿನ ಮೇಲೆ ಗಾಜಿನ ಕಪಾಟು ಬಿದ್ದು ಅವರ ತೋಳು ಮುರಿಯಿತು. ಚರಣ ಹಿಂದಿನ ಸೀಟಿನಲ್ಲಿದ್ದನಂತೆ. ಇಳಿದು ಓಡಿದನಂತೆ. ಮುಂಚೆ ಒಮ್ಮೆ ಅವನನ್ನು ಎಚ್ಚರಿಕೆ ಕೊಟ್ಟು ಬಿಟ್ಟಿದ್ದರಾದ್ದರಿಂದ ಈ ಸಲ ಮನೆಗೆ ಬಿಡಲಿಲ್ಲ, ಒಳಗೆ ಹಾಕಿದರು. ಕೇಸು ಮುಗಿಯುವ ತನಕ ಒಳಗೇ.

ಆ ದೇಶದಲ್ಲಿ ಒಂದು ಕ್ರಮ ಇದೆ. ಮಕ್ಕಳ ವಿಷಯದಲ್ಲಿ ಜಡ್ಜು ತೀರ್ಮಾನ ಹೇಳುವ ಮುಂಚೆ ಹುಡುಗನ ಮನೆಯವರು, ಪೊಲೀಸು, ವಕೀಲರು, ನೊಂದವರು ಒಪ್ಪಿದರೆ ಅವರೂ ಒಂದು ಕೋಣೆಯಲ್ಲಿ ಕುಳಿತು ಮಾತಾಡಬೇಕು. ಹುಡುಗ ಮನೆಗೆ ಹೋಗಬಹುದೋ ಒಳಗೇ ಇರಬೇಕೋ ಎಂದು ಆ ಸಭೆ ಹೇಳಿದ್ದನ್ನು ಜಡ್ಜು ಕೇಳುತ್ತಾರೆ. ಸಭೆ ಕೂಡಿಸುವವರು ಚರಣನ ಹತ್ತಿರ, ನಿನ್ನ ಕಡೆಯಿಂದ ಯಾರು ಬರಬೇಕು ಎಂದು ಕೇಳಿದಾಗ ಅವನು ನನ್ನನ್ನು ಹೇಳಿದ್ದನಂತೆ.

ನಾನು ಮುಂಬಯಿಯ ಆಚೆ ಹೋದವಳಲ್ಲ. ಮದುವೆಯಾದ ಹೊಸತರಲ್ಲಿ ಅಲ್ಲಿದ್ದಾಗ ಕಲಿತ ಹಿಂದಿ, ಶಾಲೆಯಲ್ಲಿ ಕಲಿತ ನಾಲ್ಕು ಶಬ್ದ ಇಂಗ್ಲಿಷು ಬಿಟ್ಟರೆ ಬೇರೆ ಭಾಷೆ ಬಾರದು. ಆಗುವುದಿಲ್ಲ ಎನ್ನಬೇಕೆಂದಿದ್ದೆ. ನಮ್ಮ ಮನೆಯವರು ಊಟದ ಎಲೆಯಿಂದ ತಲೆ ಎತ್ತದೆ, "ಅಪ್ಪ, ಅಬ್ಬಿ ಅಲ್ಲೇ ಇದ್ದೂ ಮಾಣಿ ನಿನ್ ಹೆಸ್ರ್ ಹೇಳಿದ್ದಲ್ದಾ. ಹೋಯ್ ಬಾ" ಎಂದರು. ಮಾರನೇ ದಿನ ಕುಂಭಾಶಿಗೆ ಹೋಗಿ ಆನೆಗುಡ್ಡೆ ಗಣಪತಿಗೆ ಕೈಮುಗಿದು ಪ್ರಸಾದ ಕಟ್ಟಿಸಿಕೊಂಡು ಬಂದೆ.

ವಿಮಾನ ನಿಲ್ದಾಣದ ನಾಯಿ

ಆಕ್ಲೆಂಡಿನಲ್ಲಿ ಇಳಿದು ಚೀಲ ತೆಗೆದುಕೊಂಡು ಸಾಲಿನಲ್ಲಿ ನಿಂತೆ. ಹಸಿರು ಕೋಟು ಹಾಕಿದ ಒಂದು ಸಣ್ಣ ನಾಯಿ ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಪಕ್ಕ ಕುಳಿತುಬಿಟ್ಟಿತು. ನಮ್ಮೂರಿನಲ್ಲಿ ನಾಯಿ ಚೀಲದ ಹತ್ತಿರ ಕುಳಿತರೆ ಒಳಗೆ ಬಂಗುಡೆ ಮೀನು ಇದೆ ಎಂದು ಲೆಕ್ಕ. ಇಲ್ಲಿ ಸಾಲಿನವರೆಲ್ಲ ನನ್ನಿಂದ ಅರ್ಧ ಮಾರು ದೂರ ಸರಿದರು.

ಕೈಗವಸು ಹಾಕಿದ್ದ ಒಬ್ಬ ಹುಡುಗಿ ಅಧಿಕಾರಿ ಪ್ರಸಾದದ ಪೊಟ್ಟಣ ಬಿಚ್ಚಿದಳು. ಹೂವು, ಗರಿಕೆ, ಕಾಯಿಯ ಹೋಳು, ಪಂಚಕಜ್ಜಾಯ, ಕುಂಕುಮ. ಗರಿಕೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದಳು. ನನಗೆ ಬಂದ ಇಂಗ್ಲಿಷಿನಲ್ಲಿ ದೇವರ ಹುಲ್ಲು ಎಂದೆ. ಅವಳು ನಗಲಿಲ್ಲ. ಹೊರಗಿನ ಬೀಜ, ಹುಲ್ಲು ಬಂದರೆ ತಮ್ಮ ಗದ್ದೆತೋಟ ಕೆಡುತ್ತದೆ ಎಂದು ಕೈಸನ್ನೆ ಸೇರಿಸಿ ನಿಧಾನ ಹೇಳಿದಳು. ಬುಟ್ಟಿಗೆ ಹಾಕುವ ಮುಂಚೆ ನನ್ನ ಮುಖ ನೋಡಿ ಆಗಬಹುದಾ ಎಂದು ಕೇಳಿದಳು. ಆಗದು ಎಂದರೂ ಹಾಕುವವಳೇ. ಆದರೂ ಕೇಳಿದಳಲ್ಲ. ಕುಂಕುಮದ ಪೊಟ್ಟಣವನ್ನು ಮಡಚಿ ನನ್ನ ಅಂಗೈಯಲ್ಲಿ ವಾಪಸು ಇಟ್ಟಳು. ದಿನದ ಕೊನೆಗೆ ದೇವರ ಮುಂದೆ ಆ ದಿನ ಸಿಕ್ಕ ಉಪಕಾರವನ್ನು ಹೇಳಿಕೊಳ್ಳುವುದು ನನ್ನ ರೂಢಿ. ಆ ದಿನ ಹೇಳಿಕೊಳ್ಳಲು ಅದಿತ್ತು.

ಶಾರದೆಯ ಮನೆ

ಇಂಥದ್ದು ಕೋಟದಲ್ಲಿ ಆಗಿದ್ದರೆ ಸಂಜೆಯೊಳಗೆ ಅರ್ಧ ಊರು ಅಂಗಳದಲ್ಲಿ ನಿಂತಿರುತ್ತಿತ್ತು. ಕೆಲವರು ಅಳಲು, ಕೆಲವರು ಇಣುಕಲು. ಶಾರದೆಯ ಬೀದಿಯಲ್ಲಿ ಯಾರೂ ಬರಲಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬಿಟ್ಟರೆ ಮನುಷ್ಯರಿದ್ದಾರೆ ಎಂದೇ ಗೊತ್ತಾಗುತ್ತಿರಲಿಲ್ಲ.

ನಾನು ಬಂದ ಮಾರನೇ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಒಂದು ರಾಶಿ ಲಿಂಬೆಹಣ್ಣು.  ಮನೆಯಲ್ಲಿ ಮೊದಲೇ ಇಂಥ ಸಂಕಟ, ಮೇಲಿಂದ ಯಾರು ಮಾಡಿಸಿದ್ದು ಇದನ್ನು? ದಾಟಬೇಡ ಎಂದು ಶಾರದೆಯನ್ನು ಹಿಡಿದು ನಿಲ್ಲಿಸಿದೆ. ಅವಳು ಬಗ್ಗಿ ಹಣ್ಣುಗಳನ್ನು ಸೆರಗಿಗೆ ತುಂಬಿಕೊಂಡಳು.

"ಮಾಟ ಅಲ್ಲ ಅಕ್ಕ. ಪಕ್ಕದ್ಮನಿ ಅಜ್ಜಿ. ಹಣ್ಣ್ ಹೆಚ್ಚಾದ್ರೆ ಹೀಂಗೇ ಇಟ್ಟಿಕಿ ಹೋತ್ರ್."

ನಾನು ಬಂದ ಮೇಲೆ ಅವಳು ನಕ್ಕದ್ದು ಅದು ಮೊದಲು. ಚರಣ ಒಳಗೆ ಹೋದಲ್ಲಿಂದ ಆ ಅಜ್ಜಿ ವಾರಕ್ಕೊಮ್ಮೆ ಇಡುತ್ತಿದ್ದಾರಂತೆ. ಒಂದು ಮಾತು ಕೇಳಿಲ್ಲವಂತೆ. ನಾವು ಬಾಯಿಯಲ್ಲಿ ಕೇಳುವುದನ್ನು ಅವರು ಹಣ್ಣಿನಲ್ಲಿ ಕೇಳುತ್ತಾರೆ ಎಂದು ಕಾಣುತ್ತದೆ.

ರಘುರಾಮ ಬೆಳಿಗ್ಗೆ ಹಿಟ್ಟು ರುಬ್ಬಲು ಹೋದರೆ ಹೋಟೆಲಿನ ರಾತ್ರಿ ಊಟ ಮುಗಿಸಿಯೇ ಬರುವುದು. ಶಾರದೆಯೂ ಮಧ್ಯಾಹ್ನದಿಂದ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ. ವರ್ಷಗಟ್ಟಲೆ ಹೀಗೆಯೇ. ಚರಣ ಶಾಲೆಯಿಂದ ಬಂದು ಡಬ್ಬಿಯ ಅನ್ನ ಬಿಸಿಮಾಡಿ ಒಬ್ಬನೇ ಉಣ್ಣುತ್ತಿದ್ದ. ಆ ಹೊತ್ತಿಗೆ ಮನೆಗೆ ಬರುತ್ತಿದ್ದವರು ಆ ಇಬ್ಬರು ಹುಡುಗರು.

ಮಗ ಒಳಗೆ ಹೋದ ಮೇಲೆ ರಘುರಾಮ ಒಂದು ದಿನವೂ ನೋಡಲು ಹೋಗಿರಲಿಲ್ಲ. ನಾನು ಕರೆದೆ.

"ನಾ ಬಪ್ಪುದಿಲ್ಲ ಅತ್ಗೆ. ನಾನ್ ಸಣ್ಣಕಿಪ್ಪತಿಗೆ ಕಲ್ಲ್ ಹೊಡ್ದ್ ಶಾಲಿ ಗಾಜ್ ಒಡ್ದದ್ದಕ್ಕೆ ನಮ್ಮಪ್ಪ ಮುಂಬೈ ಹೋಟ್ಲಿಗೆ ಹಾಕ್ರ್. ನಾ ಎಂತ ಸತ್ನಾ? ಇರ್ಲಿ ಅಲ್ಲಿ. ಬುದ್ಧಿ ಬರ್ಲಿ."

ಅದು ನಮ್ಮ ಕಡೆಯ ಕ್ರಮವೇ. ಬೈಂದೂರಿನಿಂದ ಬ್ರಹ್ಮಾವರದವರೆಗೆ, ಗಂಡು ಮಕ್ಕಳು ಕೈಮೀರಿದರೆ ಮುಂಬಯಿಯ ಯಾವುದೋ ಹೋಟೆಲಿನ ಅಡುಗೆಕೋಣೆಗೆ ಕಳಿಸಿಬಿಡುವುದು. ಅದಕ್ಕೆ ಬೇಲಿ, ಬೀಗ ಇರಲಿಲ್ಲ ಅಷ್ಟೆ. 

ಗುಡ್ಡದಾಚೆಯ ಕಟ್ಟಡ

ಹೊರಗಿನಿಂದ ಅದು ನಮ್ಮ ಕಡೆಯ ಹೊಸ ಕಾಲೇಜುಗಳ ಹಾಗೆ, ಅಗಲವಾಗಿ, ಬಣ್ಣ ಬಳಿದುಕೊಂಡು ನಿಂತಿತ್ತು. ಬೇಲಿಯ ಎತ್ತರ ನೋಡಿದ ಮೇಲೆ ಗೊತ್ತಾಗುವುದು. ಕೈಬಳೆ, ಚೀಲ, ಮೊಬೈಲು ಎಲ್ಲ ಹೊರಗಿನ ಪೆಟ್ಟಿಗೆಯಲ್ಲಿಡಬೇಕು. ಕರಿಮಣಿಗೆ ಕೈ ಹಾಕಿದಾಗ ಗಲ್ಲದ ಮೇಲೆ ಹಚ್ಚೆ ಹಾಕಿಸಿಕೊಂಡ ದೊಡ್ಡ ಮೈಕಟ್ಟಿನ ಒಬ್ಬ ಹೆಂಗಸು ಬೇಡ ಎಂದು ತಲೆಯಾಡಿಸಿ ನನ್ನ ಕೈಯನ್ನು ಕೆಳಗಿಳಿಸಿದರು. ಹಚ್ಚೆ ಕಂಡು ಹೆದರಿದ್ದವಳು ನಾನು. ಅದು ಅಲ್ಲಿನ ಮೂಲ ನಿವಾಸಿಗಳಾದ ಮಾವೊರಿ ಹೆಂಗಸರಿಗೆ ಮನೆತನದ ಗೌರವವಂತೆ, ನಮ್ಮ ಕರಿಮಣಿಯ ಹಾಗೆ ಎಂದು ಶಾರದೆ ಹೇಳಿದಳು.

ಒಂದು ಬಾಗಿಲು ಮುಚ್ಚಿಕೊಂಡ ಮೇಲೆಯೇ ಇನ್ನೊಂದು ತೆರೆಯುವುದು. ಆ ಎರಡರ ನಡುವೆ ನಿಂತಾಗ ಗಣಪತಿಯ ಹೆಸರು ಕೂಡ ಬಾಯಿಗೆ ಬರಲಿಲ್ಲ.

ಚರಣ ಬಂದ. ನನಗಿಂತ ಒಂದು ಗೇಣು ಎತ್ತರ, ಬೂದು ಬಣ್ಣದ ಬಟ್ಟೆ, ಉಗುರಿನ ಬುಡದ ತನಕ ಕಚ್ಚಿಕೊಂಡ ಬೆರಳು. ಸ್ವರ ಒಡೆದು ಗಂಡಸಿನದ್ದಾಗಿದೆ. ಆದರೆ ಬಾಯಿ ತೆರೆದರೆ ಬಂದದ್ದು ನಮ್ಮ ಮನೆ ಬಿಡುವಾಗ ಇದ್ದ ಕನ್ನಡವೇ, ಎಂಟು ವರ್ಷದ ಮಗುವಿನದ್ದು. ಅಷ್ಟು ದೊಡ್ಡ ಸ್ವರದಲ್ಲಿ ಅಷ್ಟು ಸಣ್ಣ ಮಾತು ಕೇಳಲಿಕ್ಕೆ ಕಷ್ಟವಾಯಿತು.

"ದೊಡ್ಡಮ್ಮ, ನೀ ಒಬ್ಳೇ ಬಂದದ್ದಾ? ವಿಮಾನ ಹತ್ತುಕೆ ಹೆದ್ರಿಕೆ ಆಯ್ಲಿಲ್ಯಾ?"

ಬರುವ ಮುಂಚೆ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡಿದ್ದೆ. ಅವನ ಹಣೆಗೆ ಒತ್ತಿದೆ. ಕಾವಲಿನವರು ನೋಡಿಯೂ ಸುಮ್ಮನಿದ್ದರು. ಅದೂ ಒಂದು ಉಪಕಾರ.

ಊಟ ಸರಿ ಇದೆ ಎಂದ. ಕಲಿಯಲು ಕೋಣೆ ಇದೆ, ಆದರೆ ಅವನ ತರಗತಿಯ ಪರೀಕ್ಷೆ ಹೊರಗೆ ನಡೆದುಹೋಯಿತು ಎಂದ. ಪಕ್ಕದ ಕೋಣೆಯ ಸಣ್ಣ ಹುಡುಗ ಅಳುವಾಗ ಉಳಿದವರು ಗೋಡೆಗೆ ಒದೆಯುತ್ತಾರಂತೆ. ನೀನು ಎಂದೆ. ಒದೆಯದಿದ್ದರೆ ಮಾರನೇ ದಿನ ನನಗೆ ಒದೆಯುತ್ತಾರೆ ಎಂದು ಕಣ್ಣು ತಪ್ಪಿಸಿದ. ಕೀಲಿಯಿಲ್ಲದೆ ಕಾರು ಚಾಲು ಮಾಡುವುದು ಹೇಗೆಂದು ಇಲ್ಲಿ ಒಬ್ಬ ಹೇಳಿಕೊಟ್ಟಿದ್ದಾನೆ ಎಂಬುದನ್ನು ಶಾಲೆಯ ಪಾಠ ಒಪ್ಪಿಸುವ ಹಾಗೆಯೇ ಒಪ್ಪಿಸಿದ. ಒಂದು ಮಗುವನ್ನು ಇಲ್ಲಿ ಇಟ್ಟುಕೊಳ್ಳಲು ಸರಕಾರ ಸುರಿಯುವ ಹಣ ಕೇಳಿದರೆ ತಲೆ ತಿರುಗುತ್ತದೆ ಎಂದು ವಕೀಲರು ಶಾರದೆಗೆ ಹೇಳಿದ್ದರಂತೆ. ಅಷ್ಟು ಸುರಿದು ಕಲಿಸಿದ್ದು ಇದು.

ಅಪ್ಪ ಬರುವುದಿಲ್ಲವಾ ಎಂದು ಕೇಳಿದ. ಬರುತ್ತಾರೆ ಎಂದೆ. ದೇವರು ಆ ಸುಳ್ಳನ್ನು ಕೇಳಿಸಿಕೊಂಡಿರಬಹುದು.

ಹೊತ್ತು ಮುಗಿಯಿತು ಎಂದು ಎಬ್ಬಿಸಿದಾಗ ನನ್ನ ಸೆರಗಿನ ತುದಿ ಹಿಡಿದ.

"ಆ ಅಂಗ್ಡಿ ಅಮ್ಮಂದ್ ಕೈ ಸರಿ ಆಯ್ತಾ ದೊಡ್ಡಮ್ಮ? ನಾ ಕೇಂಡ್ರೂ ಯಾರೂ ಹೇಳುದಿಲ್ಲ."

ವಾಪಸು ಬರುವಾಗ ಕುರಿಗಳು ಅಲ್ಲಿಯೇ ಇದ್ದವು. ನನ್ನ ತಲೆಯಲ್ಲಿ ಅದೊಂದೇ ಪ್ರಶ್ನೆ ಕುಳಿತಿತ್ತು.

ಮೂಲೆ ಅಂಗಡಿ

ನಾನು ಹುಟ್ಟಿ ಬೆಳೆದದ್ದು ಕಿರಿಮಂಜೇಶ್ವರದಲ್ಲಿ. ಅಲ್ಲಿ ಒಂದು ಮನೆಯ ಹುಡುಗ ಇನ್ನೊಂದು ಮನೆಯವರಿಗೆ ನೋವು ಮಾಡಿದರೆ ಆ ಮನೆಯ ಹಿರಿಯ ಹೆಂಗಸು ಒಂದು ಕಾಯಿ, ಎಲೆ ಅಡಿಕೆ ಹಿಡಿದು ಹೋಗುತ್ತಾಳೆ. ಜಗಲಿಯ ತುದಿಯಲ್ಲಿ ಕುಳಿತುಕೊಳ್ಳುತ್ತಾಳೆ. ಅವರು ಬೈದರೆ ಬೈಸಿಕೊಳ್ಳಬೇಕು. ಕೊನೆಗೆ ಬೆಲ್ಲ, ನೀರು ಕೊಟ್ಟರೆ ಮುಗಿಯಿತು. ಅಣ್ಣ ಪಕ್ಕದ ಮನೆಯ ಹುಡುಗನ ತಲೆ ಒಡೆದಾಗ ನಮ್ಮ ಅಮ್ಮ ಹಾಗೆಯೇ ಹೋಗಿದ್ದರು. ತಡಮಾಡಿದರೆ ಮರ್ಯಾದೆಗೇಡು.

ಇಲ್ಲಿ ಇಷ್ಟು ದಿನವಾದರೂ ಯಾರೂ ಹೋಗಿರಲಿಲ್ಲ. ಅಂಗಡಿಯವರು ಫಿಜಿ ದ್ವೀಪದಿಂದ ಬಂದವರು, ಹಿಂದಿ ಮಾತಾಡುವ ನಮ್ಮ ಜನವೇ ಎಂದು ಶಾರದೆ ಹೇಳಿದ್ದಳು. ಬಸ್ಸಿನಿಂದ ಒಮ್ಮೆ ಅಂಗಡಿಯನ್ನೂ ತೋರಿಸಿದ್ದಳು. ಇನ್ನೇನು ಬೇಕು? ಮಾರನೇ ಮಧ್ಯಾಹ್ನ ಶಾರದೆ ಹೋಟೆಲಿಗೆ ಹೋದ ಮೇಲೆ ಒಳ್ಳೆಯ ಸೀರೆ ಉಟ್ಟು, ಹತ್ತಿರದ ಭಾರತೀಯ ಅಂಗಡಿಯಲ್ಲಿ ಕಾಯಿ, ವೀಳ್ಯದೆಲೆ ತೆಗೆದುಕೊಂಡು ನಡೆದುಕೊಂಡೇ ಹೋದೆ.

ಅಂಗಡಿಯ ಮುಂಭಾಗಕ್ಕೆ ಇನ್ನೂ ಹಲಗೆ ಬಡಿದಿತ್ತು. ಬಾಗಿಲು ತಳ್ಳಿದಾಗ ಗಂಟೆ ಹೊಡೆಯಿತು. ಒಳಗೆ ಬೇರೆ ಗಿರಾಕಿ ಇರಲಿಲ್ಲ. ಗಲ್ಲೆಯ ಹಿಂದೆ ನನ್ನ ಪ್ರಾಯದ ಹೆಂಗಸು, ಒಂದು ಕೈಯನ್ನು ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರು. ನಮಸ್ತೆ ಎಂದಾಗ ನಮಸ್ತೆ ಎಂದರು. ಸೀರೆ ನೋಡಿ ಸ್ವಲ್ಪ ನಕ್ಕರು ಕೂಡ. ನಾನು ಕಾಯಿಯನ್ನು ಗಲ್ಲೆಯ ಮೇಲಿಟ್ಟು ಹಿಂದಿಯಲ್ಲಿ, ಆ ದಿನ ಕಾರಿನಲ್ಲಿದ್ದ ಹುಡುಗನ ದೊಡ್ಡಮ್ಮ ನಾನು ಎಂದೆ.

ಅವರ ಮುಖದಲ್ಲಿದ್ದ ನಗು ಹೋದದ್ದು ನನಗೆ ಕಂಡಿತು. ಆಮೇಲೆ ಸರಿಯಿದ್ದ ಕೈ ಗಲ್ಲೆಯ ಅಡಿಗೆ ಹೋದದ್ದೂ ಕಂಡಿತು. ಮರುಗಳಿಗೆ ತಲೆಯ ಮೇಲಿನ ಒಂದು ಪೆಟ್ಟಿಗೆಯಿಂದ ಬುಸ್ ಎಂದು ಬಿಳಿ ಹೊಗೆ ಸುರಿಯತೊಡಗಿತು. ಕಿವಿ ಒಡೆಯುವ ಹಾಗೆ ಸೈರನ್ನು. ಕಳ್ಳರಿಗೆ ಕಣ್ಣು ಕಾಣದಿರಲಿ ಎಂದು ಅಲ್ಲಿನ ಅಂಗಡಿಗಳಲ್ಲಿ ಹಾಕಿಸುವ ಯಂತ್ರವಂತೆ ಅದು. ನನಗೆ ಆಗ ಏನು ಗೊತ್ತು? ನನ್ನ ಕೈಯೇ ನನಗೆ ಕಾಣಲಿಲ್ಲ. ಹೊಗೆಯ ಒಳಗಿಂದ ಆ ಹೆಂಗಸು ಯಾರನ್ನೋ ಕರೆದು ಕರೆದು ಅಳುತ್ತಿದ್ದರು. ಹೆದರಬೇಡಿ ಎಂದು ಹೇಳಲು ಹೋದೆ. ನನ್ನ ಸ್ವರ ಕೇಳಿ ಅಳು ಇನ್ನೂ ಜೋರಾಯಿತು. ಆಗ ಸುಮ್ಮನಾದೆ. ಬಿಸ್ಕತ್ತಿನ ಸಾಲು ತಡವುತ್ತ ಬಾಗಿಲು ಹುಡುಕಿ ಹೊರಗೆ ಬಂದು ಕಾಲುದಾರಿಯ ಅಂಚಿನಲ್ಲಿ ಕುಳಿತೆ.

ಹಾದುಹೋಗುತ್ತಿದ್ದ ಒಬ್ಬ ಗಂಡಸು ನೀರಿನ ಬಾಟಲಿ ಕೊಟ್ಟ. ಅದನ್ನು ಹಿಡಿದುಕೊಂಡೇ ಕುಳಿತೆ. ಪೊಲೀಸರು ಬರುವ ತನಕ ನಾನು ಅಲ್ಲಿಂದ ಏಳಲಿಲ್ಲ. ಓಡಿಹೋದವನು ನಮ್ಮ ಮನೆಯಲ್ಲಿ ಈಗಾಗಲೇ ಒಬ್ಬನಿದ್ದಾನಲ್ಲ.

ಮೆರೆ ಬಂದರು

ಪೊಲೀಸರು ನನ್ನ ಮೇಲೆ ಕೇಸು ಹಾಕಲಿಲ್ಲ. ಮನೆಗೆ ತಂದು ಬಿಟ್ಟು, ಶಾರದೆಯನ್ನು ಹೋಟೆಲಿನಿಂದ ಕರೆಸಿ ಮಾತಾಡಿ ಹೋದರು. ಅವಳು ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು.

"ಯಾರ್ ಹೋಪುಕೆ ಹೇಳಿದ್ ನಿಂಗೆ? ಇದ್ ಕಿರಿಮಂಜೇಶ್ವರ ಅಂದೇಳಿ ಮಾಡಿದ್ಯಾ? ಈಗ ಅವ್ನ್ ಬಪ್ಪುದಿಲ್ಲ ಅಕ್ಕ. ನೀ ಬಂದದ್ದಕ್ಕೇ ಬಪ್ಪುದಿಲ್ಲ."

 ಆ ದಿನ ದೇವರ ಮುಂದೆ ಕುಳಿತೆ, ಹೇಳಿಕೊಳ್ಳಲು ಉಪಕಾರ ಯಾವುದೂ ನೆನಪಾಗಲಿಲ್ಲ.

ಮಾರನೇ ದಿನ ಸಭೆ ಕೂಡಿಸುವ ಹೆಂಗಸು ಬಂದರು. ಮೆರೆ ಎಂದು ಹೆಸರು, ಅವರೂ ಮಾವೊರಿ. ಬೂಟು ಕಳಚಿಟ್ಟು ಒಳಗೆ ಬಂದರು, ನಾವು ಹೇಳುವ ಮೊದಲೇ. ಅವರು ಹೇಳಿದ್ದನ್ನು ಶಾರದೆ ಕಲ್ಲಿನ ಮುಖ ಮಾಡಿಕೊಂಡು ಕನ್ನಡಕ್ಕೆ ತಿರುಗಿಸಿದಳು. ನೊಂದವರನ್ನು ಹುಡುಗನ ಕಡೆಯವರು ಹುಡುಕಿಕೊಂಡು ಹೋದರೆ ಬಾಯಿ ಮುಚ್ಚಿಸಲು ಹೋದರೆಂದೇ ಪೊಲೀಸರು ತಿಳಿಯುವುದು. ಈ ಮನೆಗೆ ಹುಡುಗನನ್ನು ಬಿಟ್ಟರೆ ಆ ಹೆಂಗಸಿಗೆ ರಕ್ಷಣೆ ಎಲ್ಲಿ ಎಂದು ಸಭೆಯಲ್ಲಿ ಕೇಳುತ್ತಾರೆ. ಅಂಗಡಿಯ ಕಮಲಾ ಸಭೆಗೆ ಬರುತ್ತೇನೆಂದು ಒಪ್ಪಿದ್ದವರು ಈಗ ಏನೂ ಹೇಳುತ್ತಿಲ್ಲ.

ಮೆರೆ ನನ್ನ ಕಡೆ ತಿರುಗಿ ಕಾಯಿ ಯಾಕೆ ಒಯ್ದದ್ದು ಎಂದು ಕೇಳಿದರು. ಜಗಲಿ, ಎಲೆ ಅಡಿಕೆ, ಬೆಲ್ಲ ನೀರು ಎಲ್ಲ ಹೇಳಿದೆ.  ತಮ್ಮ ಜನರಲ್ಲಿಯೂ ಹಿರಿಯರು ಹಾಗೆಯೇ ಹೋಗುತ್ತಾರೆ, ಆದರೆ ಮೊದಲು ಬೇರೆಯವರೊಬ್ಬರು ಹೋಗಿ ಬಾಗಿಲು ತೆರೆದಿದೆಯೇ ಎಂದು ಕೇಳಿಕೊಂಡು ಬರುತ್ತಾರೆ ಎಂದರು. ಅದು ತಮ್ಮ ಕೆಲಸವಾಗಿತ್ತು ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಹ್ಯಾಗಾದರೂ ತಡೆದುಕೊಳ್ಳುತ್ತಿದ್ದೆ.

ಸಭೆ

ರಘುರಾಮ ಕಾರಿನಲ್ಲಿ ನಮ್ಮನ್ನು ಬಿಟ್ಟು ಹೋಗುತ್ತೇನೆಂದು ಬಂದವರು. ಬಾಗಿಲಲ್ಲಿ ಮೆರೆ ಅವರ ಕೈ ಹಿಡಿದು ನಿಮ್ಮ ಕುರ್ಚಿ ಅದು ಎಂದು ತೋರಿಸಿದ ಮೇಲೆ ಬಿಡಿಸಿಕೊಳ್ಳಲಾಗದೆ ಕುಳಿತರು. ಚರಣನನ್ನು ಇಬ್ಬರು ಕಾವಲಿನವರ ನಡುವೆ ತಂದರು. ಅಪ್ಪನನ್ನು ಕಂಡು ಅವನು ಬಾಗಿಲಲ್ಲೇ ನಿಂತ. ರಘುರಾಮ ಮೇಜನ್ನೇ ನೋಡುತ್ತಿದ್ದರು.

ಇನ್ನು ಬರುವುದಿಲ್ಲ ಎಂದುಕೊಂಡಿದ್ದಾಗ ಕಮಲಾ ಗಂಡನ ಜೊತೆ ಬಂದರು. ನನ್ನ ನೇರ ಎದುರಿಗೆ ಕುಳಿತರು.

ಮೆರೆ ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಕೋರ್ಟಿನ ಕೆಲಸಕ್ಕೆ ದೇವರನ್ನು ಮೊದಲು ಕರೆಯುವುದನ್ನು ಕಂಡು ಎದೆ ಸ್ವಲ್ಪ ಹಗುರಾಯಿತು. ಪೊಲೀಸು ಆದದ್ದನ್ನು ಓದಿದರು. ಇಂಗ್ಲಿಷಿನದ್ದನ್ನೆಲ್ಲ ಶಾರದೆ ನನ್ನ ಮುಖ ನೋಡದೆ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಆಮೇಲೆ ಕಮಲಾ ಚರಣನ ಹತ್ತಿರ ಒಂದೇ ಪ್ರಶ್ನೆ ಕೇಳಿದರು, ನಾನು ಗಾಜಿನ ಅಡಿಯಲ್ಲಿದ್ದಾಗ ನೀನು ಎಲ್ಲಿದ್ದೆ ಎಂದು. ಬಾಗಿಲಲ್ಲಿದ್ದೆ ಎಂದ. ನಿಮ್ಮ ಕೂಗು ಕೇಳಿತು, ಕೇಳಿಯೇ ಓಡಿದೆ ಎಂದ. ವಕೀಲರು ಹಾಗೆ ಹೇಳು ಎಂದು ಕಲಿಸಿದ್ದಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕಮಲಾ ನನ್ನ ಕಡೆ ತಿರುಗಿದರು. ಅವರ ಹಿಂದಿ ಬೇರೆ ಥರದ್ದು, ಆದರೆ ಒಂದು ಶಬ್ದವೂ ನನಗೆ ತಪ್ಪಲಿಲ್ಲ.

"ನೀವು ಕ್ಷಮೆ ಕೇಳಲು ಬಂದಿರಿ. ಗಾಜು ಬಿದ್ದ ಮೇಲೆ ನಾನು ಗಲ್ಲೆಯ ಹಿಂದೆ ಒಬ್ಬಳೇ ನಿಂತದ್ದು ಆ ದಿನವೇ ಮೊದಲು. ನೀವು ಬಂದು ಹೋದ ಮೇಲೆ ಇನ್ನೂ ನಿಂತಿಲ್ಲ."

ನಾನು ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಹೌದು ಎಂದೆ, ಅಷ್ಟೇ. ನಮ್ಮೂರಿನಲ್ಲಿ ಜಗಲಿಗೆ ಹೋಗುವ ಹೊತ್ತನ್ನು ಯಾವಾಗಲೂ ಹೋಗುವವರೇ ಆರಿಸಿಕೊಳ್ಳುತ್ತಾರೆ. ಒಳಗಿರುವವರು ಬಾಗಿಲು ತೆರೆಯುವ ಸ್ಥಿತಿಯಲ್ಲಿದ್ದಾರಾ ಎಂದು ನಾವು ಯಾರಾದರೂ ಕೇಳಿದ್ದುಂಟಾ? ನಮ್ಮ ಅಮ್ಮ ಕೇಳಿದ್ದರಾ?

ಕಮಲಾ ಮೆರೆಯ ಹತ್ತಿರ ಹೇಳಿದರು, ಹುಡುಗನನ್ನು ಒಳಗಿಡಿ ಎಂದು ನಾನು ಹೇಳುವುದಿಲ್ಲ, ಬಿಡಿ ಎಂದೂ ಹೇಳುವುದಿಲ್ಲ. ನನ್ನ ಬೀದಿಗೆ ಅವನು ಬರಬಾರದು, ಇವರೂ ಬರಬಾರದು. ಅವನು ಮನೆಯಲ್ಲಿದ್ದರೆ ಸಂಜೆಯ ಮೇಲೆ ನೋಡಿಕೊಳ್ಳುವವರು ಯಾರು ಎಂದು ನನಗೆ ಗೊತ್ತಾಗಬೇಕು. ಪೊಲೀಸು ಕೂಡ ಅದನ್ನೇ ಕೇಳಿದರು. ಯಾರೂ ಇಲ್ಲದ ಮನೆಗೆ ಬಿಡಲು ಒಪ್ಪುವುದಿಲ್ಲ ಎಂದರು.

ಅಲ್ಲಿನ ಪದ್ಧತಿ ಹೇಗೆಂದರೆ, ಇಷ್ಟಾದ ಮೇಲೆ ಹೊರಗಿನವರೆಲ್ಲ ಎದ್ದು ಹೋಗುತ್ತಾರೆ. ಉತ್ತರ ಮನೆಯವರೇ ಹುಡುಕಬೇಕು. ಬಿಸ್ಕತ್ತಿನ ತಟ್ಟೆಯ ಸುತ್ತ ನಾವು ನಾಲ್ವರು ಉಳಿದೆವು. ನಾನು ಇರುತ್ತೇನೆ ಎಂದೆ. ನನ್ನ ವೀಸಾ ಮುಗಿದ ಮೇಲೆ ಯಾರು ಎಂದು ಶಾರದೆ ಕೇಳಿದಳು. ಆ ಅಂಗಡಿಯ ದಿನದ ನಂತರ ಅವಳು ನನ್ನ ಮುಖ ನೋಡಿ ಮಾತಾಡಿದ್ದು ಆಗಲೇ. ಆಮೇಲೆ ಗಂಡನ ಕಡೆ ತಿರುಗಿ, ರಾತ್ರಿ ಊಟ ನಿಲ್ಲಿಸುವ ಎಂದಳು.

"ರಾತ್ರಿ ಊಟ ನಿಲ್ಸಿರೆ ಹೋಟ್ಲ್ ಉಳಿಯುದಿಲ್ಲ ಶಾರದಾ."

"ಹೋಟ್ಲ್ ಉಳ್ಸ್ಕಂಡ್ ಎಂತ ಮಾಡ್ಕ್? ಉಂಬುಕೆ ಕೂಕಂಬವ ಇಲ್ಲಿದ್ದ."

ಬಾಡಿಗೆ, ಕೆಲಸದವರ ಸಂಬಳ, ಇಷ್ಟು ವರ್ಷ ನಿಂತಲ್ಲೇ ನಿಂತು ಊದಿದ ಕಾಲು, ಎಲ್ಲವನ್ನೂ ರಘುರಾಮ ಹೇಳಿದರು. ಒಂದೂ ಸುಳ್ಳಲ್ಲ. ಹಿಟ್ಟು ರುಬ್ಬಿ ರುಬ್ಬಿ ಬೆಳೆಸಿದ ಹೋಟೆಲು ಅದು. ಶಾರದೆ ಸ್ವರ ಏರಿಸಿದಳು. ಇದನ್ನೆಲ್ಲ ಕೇಳುತ್ತಿದ್ದ ಚರಣ ನಡುವೆ ಬಾಯಿ ಹಾಕಿದ.

"ಅಪ್ಪ, ಹೋಟ್ಲ್ ಮುಚ್ಚುದ್ ಬ್ಯಾಡ. ನಾ ಅಲ್ಲೇ ಇರ್ತೆ. ನಂಗೆ ಅಭ್ಯಾಸ ಆಯ್ತ್."

ರಘುರಾಮ ಆಗ ಮಗನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.  ಅವರು ಮಾತಾಡಿದ್ದು ನಮ್ಮ ಯಾರ ಹತ್ತಿರವೂ ಅಲ್ಲ.

"ನಾನೂ ಹೀಂಗೇ ಹೇಳಿದ್ದೆ. ಮುಂಬೈಯಂಗೆ. ಅಬ್ಬಿ ಕಾಂಬುಕೆ ಬಂದಿದ್ರ್. ಅಭ್ಯಾಸ ಆಯ್ತ್, ನೀ ಹೋಗ್ ಅಂದೆ."

ಅಮ್ಮನ ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಿ ಬಾಗಿಲು ತೆರೆದು ಮೆರೆಯನ್ನು ಕರೆದರು. ನಾಳೆಯಿಂದ ರಾತ್ರಿ ಊಟ ಇಲ್ಲ ಎಂದು ಬರೆದುಕೊಳ್ಳಿ ಎಂದರು, ಇಂಗ್ಲಿಷಿನಲ್ಲಿ, ಗಿರಾಕಿಗಳಿಗೆ ಹೇಳುವ ಸ್ವರದಲ್ಲಿಯೇ.

ಹೊರಗೆ ಎಲ್ಲರಿಗೂ ಚಹಾ ಇಟ್ಟಿದ್ದರು. ಕಮಲಾ ಮುಟ್ಟದೆ ಹೋದರು. ಹೋಗುವಾಗ ಬಾಗಿಲಲ್ಲಿ ಚರಣನ ಪಕ್ಕದಿಂದ ಹಾದುಹೋಗಬೇಕಾಗಿತ್ತು. ಹಾದುಹೋದರು. ಅವರಿಗೆ ಅದು ಎಷ್ಟು ಕಷ್ಟ ಎಂದು ಅಷ್ಟರೊಳಗೆ ನನಗೆ ಸ್ವಲ್ಪ ತಿಳಿದಿತ್ತು.

ಅಂಚೆ ಡಬ್ಬಿಯ ತನಕ

ಜಡ್ಜು ಒಪ್ಪಿದರು. ಒಂದು ಷರತ್ತು ಸೇರಿಸಿದರು. ಚರಣನ ಕಾಲಿಗೆ ಒಂದು ಕಪ್ಪು ಪಟ್ಟಿ ಕಟ್ಟುತ್ತಾರೆ. ಅವನು ಎಲ್ಲಿದ್ದಾನೆಂದು ಅದು ಎಲ್ಲೋ ಕುಳಿತವರಿಗೆ ಹೇಳುತ್ತಿರುತ್ತದೆ. ಗೇಟಿನ ಪಕ್ಕದ ಅಂಚೆ ಡಬ್ಬಿ ದಾಟಿದರೆ ಪೊಲೀಸರು ಬರುತ್ತಾರೆ, ಬಂದರೆ ವಾಪಸು ಒಳಗೆ. ಪಟ್ಟಿ ಕಟ್ಟಿದವನು ಅವನನ್ನು ಅಂಗಳದಲ್ಲಿ ನಡೆಸಿ, ಇಲ್ಲಿಯವರೆಗೆ ಎಂದು ತೋರಿಸಿ ಹೋದ.

ಬಂದ ಮೊದಲ ದಿನಗಳಲ್ಲಿ ಚರಣ ಮನೆಯ ಯಾವ ಬಾಗಿಲನ್ನೂ ತಾನಾಗಿ ತೆರೆಯಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದ, ಯಾರಾದರೂ ತೆರೆಯಲಿ ಎಂದು. ಬಚ್ಚಲಿಗೆ ಹೋಗುವ ಮುಂಚೆ ಕೇಳುತ್ತಿದ್ದ. ಶಾರದೆ ಮನೆಯ ಬಾಗಿಲುಗಳಿಗೆಲ್ಲ ಇಟ್ಟಿಗೆ ಒತ್ತಿ ತೆರೆದೇ ಇಟ್ಟಳು. ಚಳಿ ಗಾಳಿ ಬಂದರೂ ಇರಲಿ ಎಂದಳು.

ಸಂಜೆ ನಾಲ್ವರೂ ಕುಳಿತು ಉಣ್ಣುತ್ತಿದ್ದೆವು. ರಘುರಾಮರಿಗೆ ಮನೆಯಲ್ಲಿ ಆ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಡಿಸಲು ಏಳುತ್ತಿದ್ದರು, ನಾವು ಕೂರಿಸುತ್ತಿದ್ದೆವು. ನಾನು ಹೊರಡುವ ಹಿಂದಿನ ದಿನ ಉಣ್ಣುತ್ತಿದ್ದಾಗ ಹೊರಗೆ ಒಂದು ಕಾರು ನಿಧಾನವಾಗಿ ಬಂದು ಗೇಟಿನ ಆಚೆ ನಿಂತಿತು. ಹಾರ್ನು ಎರಡು ಸಲ, ಹಳೆಯ ಗೆಳೆಯರು ಕರೆಯುವ ಹಾಗೆ. ಚರಣ ಎದ್ದ. ಕೈಯಲ್ಲಿ ತುತ್ತು ಹಾಗೆಯೇ ಇತ್ತು.  ಬಾಗಿಲುಗಳೆಲ್ಲ ತೆರೆದೇ ಇದ್ದವು. ಇನ್ನೊಂದು ಸಲ ಹಾರ್ನು. ಆಮೇಲೆ ಕಾರು ಹೋಯಿತು. ಅವನು ಕುಳಿತ. ಉಂಡನೋ ಇಲ್ಲವೋ ನಾನು ನೋಡಲಿಲ್ಲ.

ಮಾರನೇ ದಿನ ಹೊರಟೆ. ನಮ್ಮಲ್ಲಿ ಹೊರಟವರನ್ನು ಬಸ್ಸು ಹತ್ತಿಸಿ, ಬಸ್ಸು ಕಾಣುವಷ್ಟು ದೂರ ನಿಂತು ಕಳಿಸುವುದು. ವಿಮಾನ ನಿಲ್ದಾಣಕ್ಕೆ ಅವನು ಬರುವ ಹಾಗಿರಲಿಲ್ಲ. ಗೇಟಿನ ತನಕ ನನ್ನ ಚೀಲ ಹೊತ್ತು ತಂದ. ಡಬ್ಬಿಯ ಹತ್ತಿರ ಚೀಲ ಕೆಳಗಿಟ್ಟು ಅಲ್ಲಿಂದ ತಳ್ಳಿದ. ಆಚೆ ಕಡೆಯಿಂದ ರಘುರಾಮ ಎಳೆದುಕೊಂಡರು.

"ಬತ್ತೆ ಮಗಾ" ಎಂದೆ.

"ಆಯ್ತ್ ದೊಡ್ಡಮ್ಮ."

ಕಾರು ಹೊರಟಿತು. ಶಾರದೆ ಅವನ ಹಿಂದೆ ಜಗಲಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಅವನೂ ಬೀಸುತ್ತಿದ್ದನಿರಬೇಕು. ನಾನು ಹಿಂದಿನ ಗಾಜಿಗೆ ಮುಖ ಒತ್ತಿ, ತಿರುವು ಬರುವ ತನಕ ಅವನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದೆ. ಕಾಲು ಡಬ್ಬಿ ದಾಟಿರಲಿಲ್ಲ.